ಕಾಗದದ ಲೆಕ್ಕ ತಪ್ಪೋ, ಯಂತ್ರ ತಪ್ಪೋ?

ಮದುವೆ ಊಟದ ಪಂಕ್ತಿ ನೋಡಿದ್ದೀರಲ್ಲ? ನಿಮ್ಮ ಎಲೆ ಖಾಲಿಯಾದರೂ ಕೊನೆಯವರು ಮುಗಿಸುವ ತನಕ ಏಳುವಂತಿಲ್ಲ. ಮಧ್ಯೆ ಒಬ್ಬರು ಫೋನ್ ಹಿಡಿದು ಕೂತರೆ ಎಲ್ಲರೂ ಕಾಯಬೇಕು. ಇವತ್ತು ಹೇಳುವುದು 8192 ಪ್ರೊಸೆಸರ್‌ಗಳ ಪಂಕ್ತಿಯ ಕಥೆ.

2003ರಲ್ಲಿ ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದ ‘ಆಸ್ಕಿ ಕ್ಯೂ’ ಜಗತ್ತಿನ ಎರಡನೇ ಅತಿ ವೇಗದ ಸೂಪರ್‌ಕಂಪ್ಯೂಟರ್. 2048 ಕಂಪ್ಯೂಟರ್‌ಗಳು, ಒಂದೊಂದರಲ್ಲೂ 4 ಪ್ರೊಸೆಸರ್. ಒಂದರ ಮೆಮೊರಿ ಇನ್ನೊಂದಕ್ಕೆ ಕಾಣುವುದಿಲ್ಲ; ಏನು ಬೇಕಾದರೂ ಸಂದೇಶ ಕಳಿಸಿಯೇ ತರಿಸಿಕೊಳ್ಳಬೇಕು.

‘ಸೇಜ್’ ಎಂಬ ದೊಡ್ಡ ಪ್ರೋಗ್ರಾಂ ಅದರಲ್ಲಿ ಎಷ್ಟು ಹೊತ್ತು ಓಡಬೇಕು ಎನ್ನುವುದಕ್ಕೆ ಅಲ್ಲಿನವರ ಬಳಿ ಮೊದಲೇ ಒಂದು ಸೂತ್ರ ಇತ್ತು. ಪ್ರತಿ ಪ್ರೊಸೆಸರ್ ತನ್ನ ಪಾಲಿನ ಲೆಕ್ಕಕ್ಕೆ ತೆಗೆದುಕೊಳ್ಳುವ ಸಮಯ, ಸಂದೇಶಗಳು ತಲುಪುವ ಸಮಯ, ಎಲ್ಲ ಕೂಡಿಸಿದರೆ ಉತ್ತರ. ಆದರೆ ಸಾವಿರಾರು ಪ್ರೊಸೆಸರ್ ಬಳಸಿದಾಗ ನಿಜವಾಗಿ ಹಿಡಿದ ಸಮಯ ಹೆಚ್ಚುಕಡಿಮೆ ಅದರ ಎರಡರಷ್ಟು!

ಇಂಥ ಹೊತ್ತಲ್ಲಿ ಯಾರಾದರೂ ಸೂತ್ರವನ್ನೇ ತಿದ್ದುತ್ತಾರೆ. ನಾನಾಗಿದ್ದರೆ ಖಂಡಿತ ತಿದ್ದುತ್ತಿದ್ದೆ. ಫ್ಯಾಬ್ರಿಟ್ಸಿಯೋ ಪೆಟ್ರಿನಿ, ಡ್ಯಾರೆನ್ ಕರ್ಬಿಸನ್, ಸ್ಕಾಟ್ ಪೇಕಿನ್ ತಿದ್ದಲಿಲ್ಲ. ಹಿಂದಿನ ಯಂತ್ರಗಳಲ್ಲಿ ಅದೇ ಸೂತ್ರ ಸರಿಯಾಗಿ ಹೊಂದಿತ್ತು. ಹಾಗಾದರೆ ಯಂತ್ರದಲ್ಲೇ ಏನೋ ಇದೆ ಎಂದು ಹುಡುಕಲು ಹೊರಟರು.

ಮೊದಲ ಸುಳಿವು ವಿಚಿತ್ರವಾಗಿತ್ತು. ಪ್ರತಿ ಕಂಪ್ಯೂಟರಿನಲ್ಲಿ ಒಂದು ಪ್ರೊಸೆಸರನ್ನು ಸುಮ್ಮನೆ ಬಿಟ್ಟು ಮೂರನ್ನೇ ಬಳಸಿದರೆ, ನಾಲ್ಕನ್ನು ಬಳಸಿದ್ದಕ್ಕಿಂತ ಕೆಲಸ ಬೇಗ ಆಗುತ್ತಿತ್ತು. ಅಂದರೆ ಆ ನಾಲ್ಕನೆಯದಕ್ಕೆ ಬೇರೇನೋ ಕೆಲಸ ಇದೆ!

ಇತ್ತು. ಆಪರೇಟಿಂಗ್ ಸಿಸ್ಟಮ್ಮಿನ ಸಣ್ಣಪುಟ್ಟ ಹಿನ್ನೆಲೆ ಕೆಲಸಗಳು ಆಗಾಗ ಎದ್ದು, ಚೂರು ಸಮಯ ತಿಂದು, ಮತ್ತೆ ಮಲಗುತ್ತಿದ್ದವು. ಒಂದೊಂದು ಕಂಪ್ಯೂಟರಿಗೆ ನಷ್ಟ ನೂರಕ್ಕೆ ಒಂದೆರಡು ಪಾಲು ಅಷ್ಟೇ, ಯಾರ ಕಣ್ಣಿಗೂ ಬೀಳದಷ್ಟು. ಆದರೆ ಸೇಜ್ ಹೆಜ್ಜೆಹೆಜ್ಜೆಗೂ ಎಲ್ಲರ ಉತ್ತರಕ್ಕೆ ಕಾಯುವ ಪ್ರೋಗ್ರಾಂ. ಈ ಹೆಜ್ಜೆಯಲ್ಲಿ ಇಲ್ಲೊಬ್ಬ ತಡ, ಮುಂದಿನದರಲ್ಲಿ ಅಲ್ಲೊಬ್ಬ ತಡ. ಪಂಕ್ತಿ ಉದ್ದವಾದಷ್ಟೂ ಯಾರಾದರೂ ಒಬ್ಬರು ತಡ ಮಾಡುವುದು ಗ್ಯಾರಂಟಿ. ಮಿಕ್ಕ ಸಾವಿರಾರು ಪ್ರೊಸೆಸರ್ ಕೈಕಟ್ಟಿ ಕೂರುತ್ತಿದ್ದವು.

ಮದ್ದು ಸರಳವಾಗಿತ್ತು. ಬೇಡದ ಸುಮಾರು ಹತ್ತು ಸೇವೆಗಳನ್ನು ಕಿತ್ತುಹಾಕಿದರು, ಕೆಲವನ್ನು ಒಂದೇ ಕಡೆ ಕೂಡಿಹಾಕಿದರು, ಮೇಲ್ವಿಚಾರಣೆಯ ಸೇವೆ ಪದೇಪದೇ ಏಳದಂತೆ ಮಾಡಿದರು. ಹೊಸ ಹಾರ್ಡ್‌ವೇರ್ ಒಂದೂ ಇಲ್ಲದೆ ಸೇಜ್‌ನ ವೇಗ ಎರಡರಷ್ಟರ ತನಕ ಏರಿತು, ಸೂತ್ರ ಹೇಳಿದ್ದರ ಹತ್ತಿರಕ್ಕೆ ಬಂತು. ಕಿತ್ತುಹಾಕಿದವುಗಳಲ್ಲಿ ಒಂದು, ಪ್ರಿಂಟರ್ ನೋಡಿಕೊಳ್ಳುವ ಸೇವೆ.