ಊರ ಕ್ರಿಕೆಟ್ ಕ್ಲಬ್ (ಇಂಗ್ಲೆಂಡ್): ಇತಿಹಾಸ ಮತ್ತು ಕಿರಿಯರ ವಿಭಾಗ

ಇಂಗ್ಲೆಂಡಿನ ಹಳ್ಳಿ, ಪಟ್ಟಣ, ನಗರದ ಬಡಾವಣೆಗಳಲ್ಲಿ ಸದಸ್ಯರೇ ಸಂಬಳವಿಲ್ಲದೆ ನಡೆಸಿಕೊಂಡು ಬಂದಿರುವ ಆಟದ ಸಂಸ್ಥೆ. ಕಾರ್ಯದರ್ಶಿ, ಖಜಾಂಚಿ, ಸ್ಕೋರರ್, ಪಿಚ್ ಸಿದ್ಧಪಡಿಸುವವರು, ಮಕ್ಕಳಿಗೆ ಕಲಿಸುವವರು, ಹೆಚ್ಚಿನ ಕಡೆ ಎಲ್ಲರೂ ತಮ್ಮ ಕೆಲಸ ಮುಗಿಸಿ ಬಿಡುವಿನ ವೇಳೆಯಲ್ಲಿ ದುಡಿಯುವವರು. ಇಂಥ ಕ್ಲಬ್‌ಗಳಿಗೆ ಎರಡೂವರೆ ಶತಮಾನಕ್ಕೂ ಮಿಕ್ಕಿದ ಚರಿತ್ರೆಯಿದೆ. ಮಕ್ಕಳಿಗೆಂದೇ ಪ್ರತ್ಯೇಕ ವಿಭಾಗ ಬೇರೂರಿದ್ದು ಮಾತ್ರ 20ನೆಯ ಶತಮಾನದ ಉತ್ತರಾರ್ಧದಲ್ಲಿ. ಇಂದು ಒಂದು ಕ್ಲಬ್ ಉಳಿಯುತ್ತದೋ ಮುಚ್ಚುತ್ತದೋ ಎಂಬುದು ಬಹುಮಟ್ಟಿಗೆ ಈ ವಿಭಾಗದ ಮೇಲೆಯೇ ನಿಂತಿದೆ.

ಕ್ರಿಕೆಟ್ಟಿನ ಮೊದಲ ಖಚಿತ ದಾಖಲೆಯೂ ಮಕ್ಕಳ ಆಟದ್ದೇ. 16ನೆಯ ಶತಮಾನದ ಕೊನೆಯಲ್ಲಿ ಸರ್ರೆ ಪ್ರಾಂತ್ಯದ ಗಿಲ್‌ಫರ್ಡ್‌ನಲ್ಲಿ ಒಂದು ತುಂಡು ನೆಲದ ವ್ಯಾಜ್ಯ ನ್ಯಾಯಾಲಯಕ್ಕೆ ಬಂತು. 59 ವರ್ಷದ ಜಾನ್ ಡೆರಿಕ್ ಎಂಬಾತ, ತಾನು ಶಾಲೆಗೆ ಹೋಗುತ್ತಿದ್ದಾಗ ಗೆಳೆಯರ ಜೊತೆ ಅದೇ ಜಾಗದಲ್ಲಿ ಕ್ರಿಕೆಟ್ ಆಡುತ್ತಿದ್ದೆನೆಂದು ಸಾಕ್ಷಿ ನುಡಿದ. ಅಂದರೆ 1550ರ ಆಸುಪಾಸಿನಲ್ಲೇ ಹುಡುಗರು ಈ ಆಟ ಆಡುತ್ತಿದ್ದರು. ದೊಡ್ಡವರು ಅದನ್ನು ಕೈಗೆತ್ತಿಕೊಂಡು, ಪಣ ಕಟ್ಟಿ, ಕ್ಲಬ್ ಕಟ್ಟಿದ್ದು ಆಮೇಲೆ.

ಅಂಥ ಹಳೆಯ ಕ್ಲಬ್‌ಗಳಲ್ಲಿ 18ನೆಯ ಶತಮಾನದ ಹ್ಯಾಂಪ್‌ಶೈರಿನ ಹ್ಯಾಂಬಲ್ಡನ್ ಕ್ಲಬ್ ಹೆಸರುವಾಸಿ. ಅದರ ತಂಡ 1777ರಲ್ಲಿ ಸೆವೆನೋಕ್ಸ್‌ನಲ್ಲಿ ಇಂಗ್ಲೆಂಡ್ ತಂಡವನ್ನು ಇನಿಂಗ್ಸ್ ಮತ್ತು 168 ರನ್‌ಗಳಿಂದ ಸೋಲಿಸಿತು. ಹಣ ಶ್ರೀಮಂತರದ್ದಾದರೂ ದಿನನಿತ್ಯದ ಭಾರ ಹೊತ್ತವನು ಮೈದಾನದ ಪಕ್ಕದ ‘ಬ್ಯಾಟ್ ಅಂಡ್ ಬಾಲ್’ ಮದ್ಯದಂಗಡಿಯ ರಿಚರ್ಡ್ ನೈರನ್. ತಂಡದ ನಾಯಕತ್ವ, ಮೈದಾನದ ಆರೈಕೆ, ಬಂದವರ ಊಟ-ಪಾನೀಯ ಎಲ್ಲವೂ ಅವನ ಪಾಲಿಗೇ. ಒಬ್ಬನೇ ಹತ್ತು ಕೆಲಸ ಮಾಡುವ ಆ ರೂಢಿ ಊರ ಕ್ಲಬ್‌ಗಳಲ್ಲಿ ಇಂದಿಗೂ ಹೋಗಿಲ್ಲ.

ಆಟ ದುಡಿಯುವ ಜನರದ್ದೂ ಆದದ್ದು ಶನಿವಾರದ ಅರ್ಧ ರಜೆಯಿಂದ. 1850ರ ಕಾರ್ಖಾನೆ ಕಾಯ್ದೆ ಬಟ್ಟೆ ಗಿರಣಿಗಳ ಹೆಂಗಸರು ಮತ್ತು ಎಳೆಯರ ಶನಿವಾರದ ಕೆಲಸವನ್ನು ಮಧ್ಯಾಹ್ನ 2 ಗಂಟೆಗೆ ನಿಲ್ಲಿಸಿತು. ಕ್ರಮೇಣ ಅದೇ ಎಲ್ಲರ ವಾಡಿಕೆಯಾಯಿತು. ಗಿರಣಿ, ಕಲ್ಲಿದ್ದಲ ಗಣಿ, ಚರ್ಚುಗಳ ಸುತ್ತ ಕ್ಲಬ್‌ಗಳು ಹುಟ್ಟಿಕೊಂಡವು. 1888ರಲ್ಲಿ ಬರ್ಮಿಂಗ್‌ಹ್ಯಾಂ ಲೀಗ್, 1892ರಲ್ಲಿ ಲ್ಯಾಂಕಶೈರ್ ಲೀಗ್ ಶುರುವಾದವು. ಲ್ಯಾಂಕಶೈರಿನ ಕ್ಲಬ್‌ಗಳು ಚಂದಾ ಮತ್ತು ಟಿಕೆಟ್ ಹಣದಿಂದ ಒಬ್ಬ ವೃತ್ತಿಪರನನ್ನು ಕರೆಸಿಕೊಳ್ಳುತ್ತಿದ್ದವು. ವೆಸ್ಟ್ ಇಂಡೀಸಿನ ಲೀರಿ ಕಾನ್‌ಸ್ಟಂಟೈನ್ 1929ರಿಂದ 1937ರವರೆಗೆ ನೆಲ್ಸನ್ ಎಂಬ ಗಿರಣಿ ಊರಿಗೆ ಆಡಿದ 9 ಋತುಗಳಲ್ಲಿ ಆ ಕ್ಲಬ್ 7 ಬಾರಿ ಲೀಗ್ ಗೆದ್ದಿತು. 1952ರಲ್ಲಿ ಭಾರತ ತಂಡ ಇಂಗ್ಲೆಂಡ್ ಪ್ರವಾಸಕ್ಕೆ ಬಂದಾಗ ಭಾರತದ ವಿನೂ ಮಂಕಡ್ ಇದೇ ಲೀಗಿನ ಹ್ಯಾಸ್ಲಿಂಗ್‌ಡನ್ ಕ್ಲಬ್ಬಿನ ಒಪ್ಪಂದದಲ್ಲಿದ್ದರು. ಮೊದಲ ಟೆಸ್ಟ್ ಸೋತ ಭಾರತ ಆ ಪುಟ್ಟ ಕ್ಲಬ್ಬಿನ ಒಪ್ಪಿಗೆ ಪಡೆದು ಅವರನ್ನು ಕರೆಸಿಕೊಳ್ಳಬೇಕಾಯಿತು. ಲಾರ್ಡ್ಸ್‌ನಲ್ಲಿ ಅವರು 72 ಮತ್ತು 184 ರನ್ ಹೊಡೆದು, 5 ವಿಕೆಟ್ಟನ್ನೂ ಕಿತ್ತರು. ದಕ್ಷಿಣ ಇಂಗ್ಲೆಂಡಿನ ಕ್ಲಬ್‌ಗಳು ಮಾತ್ರ ಸೌಹಾರ್ದ ಪಂದ್ಯಗಳಿಗೇ ಅಂಟಿಕೊಂಡಿದ್ದವು. ಸರ್ರೆಯಲ್ಲಿ ಲೀಗ್ ಬಂದಿದ್ದು 1968ರಲ್ಲಿ.

ಇಷ್ಟು ಕಾಲ ಹುಡುಗರು ಆಟ ಕಲಿತದ್ದು ಶಾಲೆಯಲ್ಲಿ, ಬೀದಿಯಲ್ಲಿ, ಇಲ್ಲವೇ ಬೌಂಡರಿ ಗೆರೆಯಾಚೆ ಕೂತು ನೋಡುತ್ತ. ಹಿರಿಯರ ತಂಡಕ್ಕೆ ಹನ್ನೊಂದನೆಯವ ಬರದಿದ್ದ ದಿನ ಅವರಿಗೆ ಅವಕಾಶ. ನಾಟಿಂಗ್‌ಹ್ಯಾಂಶೈರಿನ ಗಣಿಯಲ್ಲಿ ಕುದುರೆ ನೋಡಿಕೊಳ್ಳುತ್ತಿದ್ದ ಹೆರಾಲ್ಡ್ ಲಾರ್ವುಡ್ ತನ್ನೂರು ನನ್‌ಕಾರ್ಗೇಟ್‌ನ ತಂಡದಲ್ಲಿ ಹೀಗೆಯೇ ದೊಡ್ಡವರ ನಡುವೆ ಪಳಗಿದ. 1980ರ ದಶಕದಲ್ಲಿ ಸರ್ಕಾರಿ ಶಾಲೆಗಳ ಕ್ರಿಕೆಟ್ ಕುಸಿಯಿತು. ಶಾಲೆ ಬಿಟ್ಟ ಮೇಲೆ ಕೂಲಿಯಿಲ್ಲದೆ ಆಟ ಕಲಿಸುತ್ತಿದ್ದ ಶಿಕ್ಷಕರು ವೇತನದ ಹೋರಾಟದ ಕಾಲದಲ್ಲಿ ಅದನ್ನು ಕೈಬಿಟ್ಟರು. ಎಷ್ಟೋ ಶಾಲೆಗಳ ಮೈದಾನಗಳು ಮಾರಾಟವಾದವು. ಆ ಖಾಲಿ ಜಾಗವನ್ನು ತುಂಬಿದ್ದು ಊರ ಕ್ಲಬ್‌ಗಳ ‘ಕೋಲ್ಟ್ಸ್’, ಅಂದರೆ ಕಿರಿಯರ, ವಿಭಾಗ. ಸರ್ಕಾರ ಬಿಟ್ಟುಕೊಟ್ಟ ಹೊಣೆಯನ್ನು ನೆರೆಹೊರೆಯವರು ಹೊತ್ತದ್ದು ಇಂಗ್ಲಿಷ್ ಕ್ರಿಕೆಟ್ಟಿನ ಇತಿಹಾಸದಲ್ಲಿ ಯಾವ ಟ್ರೋಫಿಗೂ ಕಡಿಮೆಯಾದ ಸಾಧನೆಯಲ್ಲ.

9, 11, 13, 15 ವರ್ಷದೊಳಗಿನವರು ಎಂದು ತಂಡಗಳನ್ನು ಮಾಡುವುದು ವಾಡಿಕೆ. ಬೇಸಿಗೆಯಲ್ಲಿ ಹೊತ್ತು ಮುಳುಗುವುದು ತಡ, ಹಾಗಾಗಿ ಅಭ್ಯಾಸ ವಾರದ ಸಂಜೆಗಳಲ್ಲಿ ನಡೆಯುತ್ತದೆ. ಸಣ್ಣವರ ಪಂದ್ಯದ ನಿಯಮವೇ ಬೇರೆ. ಮಕ್ಕಳು ಜೋಡಿಯಾಗಿ ಬಂದು ಗೊತ್ತುಪಡಿಸಿದಷ್ಟು ಓವರ್ ಆಡುತ್ತಾರೆ. ಔಟಾದರೂ ಹೊರಗೆ ಹೋಗಬೇಕಿಲ್ಲ, ತಂಡದ ಮೊತ್ತದಿಂದ ಕೆಲವು ರನ್ ಕಳೆಯಲಾಗುತ್ತದೆ. ಮೊತ್ತ ಸೊನ್ನೆಗಿಂತ ಕೆಳಗಿಳಿಯಬಾರದೆಂದು ಆರಂಭದಲ್ಲೇ ಎರಡೂ ತಂಡಕ್ಕೆ 200 ರನ್ ಕೊಡುವುದುಂಟು. ಮೊದಲ ಚೆಂಡಿಗೇ ಬೌಲ್ಡಾದ ಎಂಟು ವರ್ಷದ ಮಗು ಅಳುತ್ತ ಮನೆಗೆ ಹೋಗದೆ ಎರಡನೆಯ ಚೆಂಡು ಎದುರಿಸುವಂತೆ ಮಾಡುವ ಈ ಏರ್ಪಾಡು ಬಹಳ ತಿಳಿದವರದು. ವೇಗದ ಬೌಲಿಂಗ್ ಮಾಡುವ ಎಳೆಯರ ಬೆನ್ನುಮೂಳೆ ಉಳಿಸಲು ವಯಸ್ಸಿಗೆ ತಕ್ಕಂತೆ ಓವರ್‌ಗಳ ಮಿತಿಯಿದೆ. ಹೆಲ್ಮೆಟ್ ಕಡ್ಡಾಯ. ಕಲಿಸುವವರ ಪೂರ್ವಾಪರವನ್ನು ಅಪರಾಧ ದಾಖಲೆಗಳಲ್ಲಿ ಪರಿಶೀಲಿಸುತ್ತಾರೆ; ಮಕ್ಕಳ ರಕ್ಷಣೆಗೆ ಪ್ರತಿ ಕ್ಲಬ್ಬಿನಲ್ಲೂ ಒಬ್ಬರು ಹೊಣೆಗಾರರಿರಬೇಕು.

ಇಂಗ್ಲೆಂಡ್ ತಂಡದ ಹೆಸರಾಂತ ಆಟಗಾರರೂ ಇಂಥ ಕ್ಲಬ್‌ಗಳಲ್ಲೇ ಬೆಳೆದವರು. ಬರ್ನ್‌ಲಿ ಕ್ಲಬ್ಬಿನಿಂದ ಜೇಮ್ಸ್ ಆಂಡರ್ಸನ್, ಶೆಫೀಲ್ಡ್ ಕಾಲಿಜಿಯೇಟ್‌ನಿಂದ ಜೋ ರೂಟ್ ಬಂದರು. ನ್ಯೂಜಿಲೆಂಡಿನಿಂದ ಹನ್ನೆರಡರ ವಯಸ್ಸಿನಲ್ಲಿ ಬಂದ ಬೆನ್ ಸ್ಟೋಕ್ಸ್‌ಗೆ ಕಂಬ್ರಿಯಾದ ಕಾಕರ್‌ಮತ್ ಕ್ಲಬ್ ನೆಲೆಯಾಯಿತು.

ಹೆಣ್ಣುಮಕ್ಕಳ ಪಾಲು ತಡವಾಗಿ ಸಿಕ್ಕಿತು. ಸರ್ರೆಯಲ್ಲಿ 1745ರಲ್ಲೇ ಎರಡು ಹಳ್ಳಿಗಳ ಹೆಂಗಸರು ಪಂದ್ಯ ಆಡಿದ್ದರು, 1926ರಲ್ಲಿ ಮಹಿಳಾ ಕ್ರಿಕೆಟ್ ಸಂಘವೂ ಹುಟ್ಟಿತ್ತು. ಆದರೂ ಊರ ಕ್ಲಬ್‌ಗಳಲ್ಲಿ ಹುಡುಗಿಯರ ತಂಡ ಸಾಮಾನ್ಯವಾದದ್ದು ಈ ಶತಮಾನದಲ್ಲಿ. ದಕ್ಷಿಣ ಏಷ್ಯಾ ಮೂಲದವರ ಕಥೆಯಲ್ಲಿ ನೋವು ಇನ್ನೂ ಹೆಚ್ಚು. ಹವ್ಯಾಸಿ ಆಟಗಾರರಲ್ಲಿ ಅವರು ಸುಮಾರು ಮೂರನೆಯ ಒಂದು ಭಾಗ, ವೃತ್ತಿಪರರಲ್ಲಿ ತೀರ ಕಡಿಮೆ. ಹಳೆಯ ಕ್ಲಬ್‌ಗಳಲ್ಲಿ ಜಾಗ ಸಿಗದೆ ಅವರು ತಮ್ಮದೇ ಕ್ಲಬ್, ಲೀಗ್ ಕಟ್ಟಿಕೊಂಡರು. ಜನಾಂಗ, ಲಿಂಗ, ವರ್ಗದ ತಾರತಮ್ಯ ಆಟದ ಉದ್ದಗಲಕ್ಕೂ ಇದೆಯೆಂದು 2023ರಲ್ಲಿ ಸ್ವತಂತ್ರ ಆಯೋಗವೊಂದು ಹೇಳಿತು.

ಮೈದಾನ ಉಳಿಸಿಕೊಳ್ಳಲು ನ್ಯಾಯಾಲಯದ ಮೆಟ್ಟಿಲೇರಿದ ಕ್ಲಬ್‌ಗಳೂ ಇವೆ. ಡರಮ್ ಪ್ರಾಂತ್ಯದ ಲಿಂಟ್ಸ್ ಕ್ಲಬ್ ಸುಮಾರು 70 ವರ್ಷ ಆಡಿಕೊಂಡು ಬಂದ ಮೈದಾನದ ಅಂಚಿಗೇ 1970ರ ದಶಕದಲ್ಲಿ ಮನೆಗಳೆದ್ದವು. ಸಿಕ್ಸರುಗಳು ತೋಟಕ್ಕೆ ಬೀಳುತ್ತಿವೆಯೆಂದು ಒಂದು ಕುಟುಂಬ ದಾವೆ ಹೂಡಿ, ಆಟ ನಿಲ್ಲಿಸುವ ಆದೇಶ ಪಡೆಯಿತು. 1977ರಲ್ಲಿ ಲಾರ್ಡ್ ಡೆನಿಂಗ್ ಇದ್ದ ಮೇಲ್ಮನವಿ ಪೀಠ ಆ ಆದೇಶ ತೆಗೆದುಹಾಕಿ 400 ಪೌಂಡ್ ಪರಿಹಾರಕ್ಕೆ ಸೀಮಿತಗೊಳಿಸಿತು. ಊರಿನ ಹಿತವನ್ನೂ ತಕ್ಕಡಿಗೆ ಹಾಕಿದ ಈ ತೀರ್ಪು ಇಂದಿಗೂ ಕಾನೂನು ವಿದ್ಯಾರ್ಥಿಗಳ ಪಾಠ.

2002ರಿಂದ ನೋಂದಾಯಿತ ಹವ್ಯಾಸಿ ಕ್ಲಬ್‌ಗಳಿಗೆ ತೆರಿಗೆ ರಿಯಾಯಿತಿ ಸಿಗುತ್ತಿದೆ. 2017ರಲ್ಲಿ ಕ್ರಿಕೆಟ್ ಮಂಡಳಿ 5ರಿಂದ 8 ವರ್ಷದವರಿಗೆ ‘ಆಲ್ ಸ್ಟಾರ್ಸ್’ ಯೋಜನೆ ತಂದಾಗ ಮಕ್ಕಳನ್ನು ಬಿಡಲು ಬಂದ ಅಪ್ಪ-ಅಮ್ಮಂದಿರೇ ಕಲಿಸುವ ಕೆಲಸಕ್ಕೆ ಇಳಿದರು. ಪಿಚ್ಚಿನ ಕೆಲಸಕ್ಕೆ ಅಷ್ಟು ಸುಲಭವಾಗಿ ಜನ ಸಿಗುವುದಿಲ್ಲ. ಋತು ಮುಗಿದ ಕೂಡಲೇ ಒಣಹುಲ್ಲು ಕೆರೆದು ತೆಗೆದು, ಬೀಜ ಬಿತ್ತಿ, ಜೇಡಿಮಣ್ಣು ಹರಡಬೇಕು. ಚಳಿಗಾಲ ಕಳೆದ ಮೇಲೆ ನೆಲದ ಹಸಿ ನೋಡಿಕೊಂಡು ರೋಲರ್ ಓಡಿಸಬೇಕು. 2009ರಲ್ಲಿ ಮತ್ತು 2015ರಲ್ಲಿ ಪ್ರವಾಹದ ನೀರು ನುಗ್ಗಿದ ಕಾಕರ್‌ಮತ್‌ನಂಥ ಕಡೆ ಇದೆಲ್ಲವನ್ನೂ ಹೊಸದಾಗಿ ಮಾಡಬೇಕಾಗುತ್ತದೆ. ಬಹಳಷ್ಟು ಕ್ಲಬ್‌ಗಳಲ್ಲಿ ಈ ಕೆಲಸ ನಿವೃತ್ತರಾದ ಒಬ್ಬಿಬ್ಬರ ಕೈಯಲ್ಲಿದೆ. ಅವರ ಜೊತೆ ನಿಂತು ಕಲಿಯುವ ಎಳೆಯರನ್ನು ಹುಡುಕುವುದೇ ಈಗ ಕಾರ್ಯದರ್ಶಿಗಳ ದೊಡ್ಡ ಚಿಂತೆ.