ವಸ್ತುಸಂಗ್ರಹಾಲಯವೂ ಗ್ರಾಮಜನರೂ

ಅರಸರ ಖಡ್ಗ, ನಾಣ್ಯ, ಚಿತ್ರಪಟಗಳನ್ನು ಕಾಪಾಡಿದ ಮಾತ್ರಕ್ಕೆ ವಸ್ತುಸಂಗ್ರಹಾಲಯದ ಕರ್ತವ್ಯವು ಮುಗಿಯಲಾರದು. ಸುತ್ತಣ ಗ್ರಾಮಗಳ ಜನರು ಅಲ್ಲಿ ತಮ್ಮ ಹಿರಿಯರನ್ನು ಕಾಣುವಂತಾದರೇ ಅದು ಸಾರ್ಥಕವು.

ಶ್ರೀರಂಗಪಟ್ಟಣದ ದರಿಯಾ ದೌಲತ್ ಮಂದಿರವನ್ನು ಟಿಪ್ಪು ಸುಲ್ತಾನನು 1784ರಲ್ಲಿ ಕಟ್ಟಿಸಿದನು. ಅದರ ಪಶ್ಚಿಮದ ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧದ ಚಿತ್ರವಿರುವುದು. 1959ರಿಂದ ಆ ಮಂದಿರವೇ ವಸ್ತುಸಂಗ್ರಹಾಲಯವಾಗಿದೆ. ಅಲ್ಲಿ ದೊರೆಗಳ, ದಂಡನಾಯಕರ ವೃತ್ತಾಂತವು ಸ್ಪಷ್ಟವಾಗಿ ತಿಳಿಯುತ್ತದೆ. ಆದರೆ ಕೆರೆ ಕಟ್ಟಿದವರಾರು, ತುರುಗಳನ್ನು ಕಾಯಲು ಹೋರಿ ಮಡಿದವರಾರು, ದೇವರಿಗೆ ಗದ್ದೆ ಬಿಟ್ಟವರಾರು ಎಂದು ಕೇಳಿದರೆ ಆ ಗೋಡೆಗಳು ಮೌನವಾಗಿವೆ.

ಉತ್ತರವು ಊರೂರ ಶಿಲೆಗಳಲ್ಲಿದೆ. ರೈಸ್ ಸಾಹೇಬರು ಶ್ರೀರಂಗಪಟ್ಟಣ ಸೀಮೆಯ ಶಾಸನಗಳನ್ನು 1894ರಲ್ಲಿಯೂ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳ ಶಾಸನಗಳನ್ನು 1898ರಲ್ಲಿಯೂ ಅಚ್ಚು ಮಾಡಿಸಿದರು. ಮೈಸೂರು ವಿಶ್ವವಿದ್ಯಾನಿಲಯವು ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣಗಳ ಶಾಸನಗಳನ್ನು 1977ರಲ್ಲಿಯೂ, ನಾಗಮಂಗಲದವನ್ನು 1979ರಲ್ಲಿಯೂ ಪರಿಷ್ಕರಿಸಿ ಪ್ರಕಟಿಸಿತು. ಹೀಗೆ ವಿದ್ವಾಂಸರು ಓದಿದ ಕಲ್ಲನ್ನು ಆ ಊರಿನವರೇ ಇನ್ನೂ ಓದದಿರುವುದು ಶೋಚನೀಯವಲ್ಲವೆ?

ನೆರೆಯ ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲನ್ನೇ ನೋಡಬಹುದು. ಕ್ರಿ. ಶ. ಹತ್ತನೆಯ ಶತಮಾನದ ಈ ಶಾಸನವು ಗಂಗ ಬೂತುಗನ ಸೇವಕನಾದ ಮಣಲೇರನ ಪರಾಕ್ರಮವನ್ನೂ, ಕಾಡುಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ಬೇಟೆನಾಯಿಯ ನಿಷ್ಠೆಯನ್ನೂ ಸಾರುತ್ತದೆ. ಆ ಶಿಲೆಯು ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿ ಸುರಕ್ಷಿತವಾಗಿದೆ. ಶಿಲೆಯು ಉಳಿಯಿತು, ಸಂತೋಷವೇ. ಆದರೆ ಅದರ ಪ್ರತಿಕೃತಿಯೂ ಕಥೆಯೂ ಹುಟ್ಟಿದೂರಿಗೆ ಮರಳಿದಲ್ಲಿ ಮಾತ್ರ ರಕ್ಷಣೆಯು ಪೂರ್ಣವೆನಿಸುವುದು.

ಈ ಕಾರ್ಯದ ಮಾದರಿಯು ಶರಣಸಾಹಿತ್ಯದ ಚರಿತ್ರೆಯಲ್ಲಿಯೇ ಇದೆ. ಮನೆಮನೆಗಳ ದೇವರ ಜಗುಲಿಗಳಲ್ಲಿ ತಾಳೆಯೋಲೆಯ ಕಟ್ಟುಗಳು ಪೂಜೆಗೊಳ್ಳುತ್ತಿದ್ದವು, ಓದಿಸಿಕೊಳ್ಳುತ್ತಿರಲಿಲ್ಲ. ವಿಜಾಪುರದ ವಕೀಲರಾದ ಶ್ರೀ ಫ. ಗು. ಹಳಕಟ್ಟಿಯವರು ಅವನ್ನು ಬೇಡಿ ತಂದು, ಸಂಶೋಧಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದರು. ಅವರು ಓಲೆಯನ್ನು ಕಾಪಾಡಿದ್ದಲ್ಲದೆ, ಅದರೊಳಗಣ ಅನುಭಾವವನ್ನು ಮರಳಿ ಜನರ ನಾಲಗೆಗೇ ತಂದರು.

ವಸ್ತುಸಂಗ್ರಹಾಲಯವೂ ಹಾಗೆಯೇ ನಡೆಯತಕ್ಕದ್ದು. ಕಿಕ್ಕೇರಿ, ಹೊಸಹೊಳಲು, ತೊಣ್ಣೂರು, ಕಂಬದಹಳ್ಳಿಗಳ ಶಿಲ್ಪವನ್ನು ಅಲ್ಲಿಯ ಮಕ್ಕಳಿಗೆ ತಿಳಿಗನ್ನಡದಲ್ಲಿ ವಿವರಿಸಬೇಕು. ನಾಗಮಂಗಲದ ಲೋಹಶಿಲ್ಪಿಯ ಕೈಚಳಕಕ್ಕೆ ರಾಜಾಯುಧದಷ್ಟೇ ಗೌರವದ ಸ್ಥಾನವು ದೊರೆಯಬೇಕು. ಕೂರಿಗೆ, ಮಗ್ಗ, ಬೀಸುವ ಕಲ್ಲುಗಳೂ ಕಾಯಕದ ಶಾಸನಗಳೇ ಅಲ್ಲವೆ? ಅವನ್ನು ಬಳಸಿದ ಹಿರಿಯರ ಬಾಯಿಂದಲೇ ಅವುಗಳ ವಿವರವನ್ನು ಬರೆದಿಡುವುದು ಯುಕ್ತವು.

ಮಠಗಳು ಓಲೆಗರಿಗಳನ್ನು ಉಳಿಸಿದವು, ಅನ್ನ ವಿದ್ಯೆಗಳನ್ನು ದಾಸೋಹ ಮಾಡಿದವು. ಊರ ಶಿಲೆಯ ಅಕ್ಷರವನ್ನು ಊರವರಿಗೆ ಓದಿ ಹೇಳುವುದೂ ದಾಸೋಹವೇ ಸರಿ. ಈ ಮಹೋತ್ಸವದ ಸಂದರ್ಭದಲ್ಲಿ ಸದ್ಭಕ್ತರು ತಂತಮ್ಮ ಗ್ರಾಮದ ಒಂದೊಂದು ಕಲ್ಲನ್ನಾದರೂ ಶುದ್ಧಗೊಳಿಸದೆ, ಸವೆಯಿಸದೆ, ಬಲ್ಲವರಿಂದ ಓದಿಸಿ ಕೇಳುವಂತಾದರೆ, ನಾಡಿನ ಚರಿತ್ರೆಯು ನಾಡವರ ಕೈಸೇರುವುದರಲ್ಲಿ ಸಂದೇಹವಿಲ್ಲ.