ಶಾಲೆಗೆ ಬೀಗ, ಫುಟ್‌ಬಾಲ್‌ಗೆ ಇಲ್ಲ

ಲಿಟಲ್ ರಾಕ್ ಅಂದ ಕೂಡಲೇ ಎಲ್ಲರಿಗೂ ನೆನಪಾಗೋದು ಒಂದೇ ಫೋಟೋ. ಬಿಳಿ ಫ್ರಾಕು, ಕಪ್ಪು ಕನ್ನಡಕ, ಎದೆಗೆ ಅವಚಿಕೊಂಡ ಪುಸ್ತಕ. ಹದಿನೈದು ವರ್ಷದ ಎಲಿಜಬೆತ್ ಎಕ್‌ಫರ್ಡ್ ಒಬ್ಬಳೇ ನಡೆದು ಹೋಗ್ತಿದ್ದಾಳೆ. ಹಿಂದೆ ಬಾಯಿ ತೆರೆದು ಅರಚುತ್ತಿರುವ ಬಿಳಿಯರ ಗುಂಪು. ಅದು 1957ರ ಸೆಪ್ಟೆಂಬರ್ 4. ಅಮೆರಿಕದ ಅರ್ಕನ್ಸಾ ರಾಜ್ಯದ ರಾಜಧಾನಿ ಲಿಟಲ್ ರಾಕ್‌ನ ಸೆಂಟ್ರಲ್ ಹೈಸ್ಕೂಲಿಗೆ ಒಂಬತ್ತು ಕಪ್ಪು ಮಕ್ಕಳು ಸೇರಬೇಕಿತ್ತು. ಅವರನ್ನು ತಡೆಯೋಕೆ ಗವರ್ನರ್ ಓರ್ವಲ್ ಫೌಬಸ್ ಶಾಲೆಯ ಮುಂದೆ ಬಂದೂಕುಧಾರಿ ನ್ಯಾಷನಲ್ ಗಾರ್ಡ್ ನಿಲ್ಲಿಸಿದ್ದ. ಮೂರು ವಾರದ ನಂತರ ಅಧ್ಯಕ್ಷ ಐಸೆನ್‌ಹೋವರ್ ಸೇನೆಯ 101ನೇ ಏರ್‌ಬೋರ್ನ್ ಡಿವಿಷನ್ ಕಳಿಸಿದರು. ಸೈನಿಕರ ಕಾವಲಿನಲ್ಲಿ ಮಕ್ಕಳು ಒಳಗೆ ಹೋದರು.

ಕಥೆ ಇಲ್ಲಿಗೆ ಮುಗೀತು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಅದಕ್ಕೆ ಕಾರಣ ನಮ್ಮ ವೃತ್ತಿಯೇ. ಟಿವಿ ಸುದ್ದಿ ಅಮೆರಿಕದಲ್ಲಿ ದೊಡ್ಡದಾಗಿ ಬೆಳೆದಿದ್ದೇ ಆ ದಿನಗಳಲ್ಲಿ. ಎನ್‌ಬಿಸಿಯ ಜಾನ್ ಚಾನ್ಸಲರ್ ಶೂಟ್ ಮಾಡಿದ ಫಿಲ್ಮ್ ತಗೊಂಡು ಸಣ್ಣ ವಿಮಾನದಲ್ಲಿ ಒಕ್ಲಹೋಮಾ ಸಿಟಿಗೆ ಹಾರಿ, ಅಲ್ಲಿಂದ ಸಂಜೆಯ ಬುಲೆಟಿನ್‌ಗೆ ಕಳಿಸುತ್ತಿದ್ದ. ಈಗ ನಮ್ಮ ವರದಿಗಾರರು ಮೊಬೈಲ್ ಹಿಡಿದು ಲೈವ್ ಕೊಡ್ತಾರೆ, ಆಗ ಪ್ರತಿ ಸುದ್ದಿಗೂ ಒಂದು ವಿಮಾನ ಬೇಕಿತ್ತು. ಗಲಾಟೆ ಇದ್ದಷ್ಟು ದಿನ ಕ್ಯಾಮೆರಾ ಇತ್ತು. ಗಲಾಟೆ ತಣ್ಣಗಾಯ್ತು, ಕ್ಯಾಮೆರಾ ಹೊರಟಿತು. ನಾನು ಹೇಳಬೇಕು ಅಂದುಕೊಂಡಿರೋದು ಅದರ ಮರುವರ್ಷದ ಕಥೆ. 1958–59. ಆ ಊರಿನವರು ಅದನ್ನು ಇವತ್ತಿಗೂ 'ಕಳೆದುಹೋದ ವರ್ಷ' ಅಂತಲೇ ಕರೀತಾರೆ.

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಬಿಡ್ತೀನಿ. ಅಲ್ಲಿನ ಗವರ್ನರ್ ಅಂದ್ರೆ ನಮ್ಮ ರಾಜ್ಯಪಾಲರ ಥರ ಅಲ್ಲ, ಜನ ಓಟು ಹಾಕಿ ಆರಿಸೋ ಮುಖ್ಯಮಂತ್ರಿ ಥರ. ಈ ಫೌಬಸ್ ಮೂಲತಃ ವರ್ಣದ್ವೇಷದ ಭಾಷಣ ಮಾಡಿ ಮೇಲೆ ಬಂದವನಲ್ಲ. ಅಪ್ಪ ಸಮಾಜವಾದಿ. ಮಗನೂ ಶುರುವಿನಲ್ಲಿ ಮಧ್ಯಮಮಾರ್ಗಿ ಅನ್ನಿಸಿಕೊಂಡಿದ್ದವನೇ. ಆದರೆ ಶಾಲೆಯ ಬಾಗಿಲಲ್ಲಿ ಓಟು ಸಿಗುತ್ತೆ ಅಂತ ಅವನಿಗೆ 1957ರಲ್ಲಿ ಗೊತ್ತಾಯ್ತು. 1958ರ ಬೇಸಿಗೆಯಲ್ಲಿ ಮೂರನೇ ಬಾರಿಗೆ ಪಕ್ಷದ ಟಿಕೆಟ್ಟನ್ನು ಭಾರಿ ಅಂತರದಲ್ಲಿ ಗೆದ್ದ. ಅದೇ ವರ್ಷ ಗ್ಯಾಲಪ್ ಸಮೀಕ್ಷೆಯಲ್ಲಿ ಅಮೆರಿಕನ್ನರು ಅತಿ ಹೆಚ್ಚು ಮೆಚ್ಚುವ ಹತ್ತು ಗಂಡಸರಲ್ಲಿ ಇವನೂ ಒಬ್ಬ!

ಒಂಬತ್ತು ಮಕ್ಕಳಲ್ಲಿ ಕೊನೆಯ ತರಗತಿಯಲ್ಲಿದ್ದ ಅರ್ನೆಸ್ಟ್ ಗ್ರೀನ್ 1958ರ ಮೇನಲ್ಲಿ ಪಾಸಾಗಿ ಹೊರಗೆ ಬಂದಿದ್ದ. ಅವನ ಹೆಸರು ಕರೆದಾಗ ಸಭೆಯಲ್ಲಿ ಚಪ್ಪಾಳೆ ಇರಲಿಲ್ಲ. ನೋಡೋಕೆ ಬಂದವರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಇದ್ದರು, ಅಷ್ಟೇ. ಶಾಲಾ ಮಂಡಳಿ ಕೋರ್ಟಿಗೆ ಹೋಗಿ, ಇದನ್ನೆಲ್ಲ ಎರಡೂವರೆ ವರ್ಷ ಮುಂದೂಡಿ ಅಂತ ಕೇಳಿತು. ಕೆಳಗಿನ ಕೋರ್ಟು ಒಪ್ಪಿತು. 1958ರ ಸೆಪ್ಟೆಂಬರ್ 12ರಂದು ಸುಪ್ರೀಂ ಕೋರ್ಟು 'ಆಗಲ್ಲ' ಅಂದಿತು. ಕೂಪರ್ ವರ್ಸಸ್ ಆರನ್ ಅನ್ನೋ ಆ ತೀರ್ಪಿಗೆ ಒಂಬತ್ತೂ ನ್ಯಾಯಮೂರ್ತಿಗಳು ಒಬ್ಬೊಬ್ಬರಾಗಿ ಹೆಸರು ಹಾಕಿದರು.

ಫೌಬಸ್ ಅದೇ ದಿನ ಪೆನ್ನು ತೆಗೆದ. ರಾಜ್ಯದ ಶಾಸನಸಭೆ ಆಗಸ್ಟ್‌ನಲ್ಲೇ ಕಾನೂನು ಪಾಸು ಮಾಡಿ ಇಟ್ಟಿತ್ತು. ಕಪ್ಪು–ಬಿಳಿ ಮಕ್ಕಳು ಒಟ್ಟಿಗೆ ಕೂರಬೇಕಾಗಿ ಬಂದರೆ ಶಾಲೆಯನ್ನೇ ಮುಚ್ಚುವ ಅಧಿಕಾರ ಗವರ್ನರ್‌ಗೆ. ಸೋಮವಾರ, ಸೆಪ್ಟೆಂಬರ್ 15ರಿಂದ ಊರಿನ ನಾಲ್ಕೂ ಸರ್ಕಾರಿ ಹೈಸ್ಕೂಲುಗಳಿಗೆ ಬೀಗ. ಸೆಂಟ್ರಲ್, ಹಾಲ್, ಟೆಕ್ನಿಕಲ್, ಮತ್ತು ಹೊರೇಸ್ ಮ್ಯಾನ್. ಒಟ್ಟು 3,665 ಮಕ್ಕಳು ಮನೆಯಲ್ಲಿ.

ಈ ಕೊನೆಯ ಹೆಸರು ಗಮನಿಸಿ. ಹೊರೇಸ್ ಮ್ಯಾನ್ ಪೂರ್ತಿ ಕಪ್ಪು ಮಕ್ಕಳ ಶಾಲೆ. ಅಲ್ಲಿ ಒಬ್ಬನೇ ಒಬ್ಬ ಬಿಳಿ ವಿದ್ಯಾರ್ಥಿ ಇರಲಿಲ್ಲ. ಯಾರ ಜೊತೆ ಯಾರೂ ಬೆರೆಯೋ ಪ್ರಶ್ನೆಯೇ ಇರಲಿಲ್ಲ. ಆದ್ರೂ ಮುಚ್ಚಿದರು.

ಮುಚ್ಚದೇ ಇದ್ದದ್ದು ಯಾವುದು ಗೊತ್ತಾ? ಫುಟ್‌ಬಾಲ್. ಪಾಠ ಇಲ್ಲದ ಸೆಂಟ್ರಲ್ ಹೈಸ್ಕೂಲಿನ ತಂಡ ಆ ಇಡೀ ಸೀಸನ್ ಆಡಿತು. ತರಗತಿಯಲ್ಲಿ ಮಕ್ಕಳಿಲ್ಲ, ಮೈದಾನದಲ್ಲಿ ಪಂದ್ಯ. ಮೇಷ್ಟ್ರುಗಳಿಗೆ ಸಂಬಳದ ಕರಾರು ಇತ್ತಲ್ಲ, ಹಾಗಾಗಿ ಅವರು ದಿನಾ ಬಂದು ಖಾಲಿ ಬೆಂಚುಗಳ ಮುಂದೆ ಕೂತು ಹೋಗ್ತಿದ್ದರು. ಕೆಲವರನ್ನು ಕೆಳಗಿನ ಶಾಲೆಗಳಿಗೆ ಬದಲಿ ಶಿಕ್ಷಕರಾಗಿ ಕಳಿಸಿದರು. ಸ್ವಲ್ಪ ದಿನ ಸ್ಥಳೀಯ ಟಿವಿ ಕೇಂದ್ರಗಳಲ್ಲಿ ಪಾಠ ಪ್ರಸಾರ ಆಯ್ತು. ಕೊರೊನಾ ಕಾಲದಲ್ಲಿ ನಮ್ಮ ಮಕ್ಕಳು ಚಂದನ ವಾಹಿನಿಯಲ್ಲಿ ಪಾಠ ಕೇಳಿದ್ದು ನೆನಪಿರಬೇಕು. ನಮ್ಮಲ್ಲಿ ಕಾರಣ ವೈರಸ್ಸು. ಅಲ್ಲಿ ಕಾರಣ ಪಕ್ಕದ ಬೆಂಚಿನಲ್ಲಿ ಕೂರಬಹುದಾದ ಒಬ್ಬ ಹುಡುಗಿ.

ಕಾನೂನಿನ ಪ್ರಕಾರ ಜನಾಭಿಪ್ರಾಯ ಕೇಳಬೇಕಿತ್ತು. ಸೆಪ್ಟೆಂಬರ್ 27ಕ್ಕೆ ಮತದಾನ. ನಾನು ಇಂಜಿನಿಯರಿಂಗ್ ಓದಿದವನು, ಸಿಸ್ಟಮ್ ಹೆಂಗೆ ಡಿಸೈನ್ ಮಾಡಿದ್ದಾರೆ ಅಂತ ನೋಡೋ ಚಾಳಿ ಇನ್ನೂ ಹೋಗಿಲ್ಲ. ಆ ಮತಪತ್ರ ನೋಡಿ: ಊರಿನ ಎಲ್ಲ ಶಾಲೆಗಳಲ್ಲೂ ಎರಡೂ ಜನಾಂಗದ ಮಕ್ಕಳನ್ನು ಒಟ್ಟಿಗೆ ಸೇರಿಸೋದಕ್ಕೆ ನೀವು ಪರವೋ ವಿರೋಧವೋ? ಎರಡೇ ಆಯ್ಕೆ. 'ಒಂಬತ್ತು ಮಕ್ಕಳು ಬರಲಿ, ಶಾಲೆ ತೆಗೀರಿ' ಅನ್ನೋದಕ್ಕೆ ಜಾಗವೇ ಇಲ್ಲ. ಪ್ರಶ್ನೆ ಬರೆಯುವಾಗಲೇ ಉತ್ತರವನ್ನೂ ಬರೆದಾಗಿತ್ತು. ವಿರೋಧ 19,470, ಪರ 7,561.

ಆಮೇಲೆ ಮಕ್ಕಳ ಗತಿ? ಇಲ್ಲೇ ಲೆಕ್ಕ ಕಹಿಯಾಗೋದು. ಬಿಳಿ ಮಕ್ಕಳಲ್ಲಿ ಸುಮಾರು ನೂರಕ್ಕೆ 93 ಮಂದಿಗೆ ಒಂದಲ್ಲ ಒಂದು ಕಡೆ ಕಲಿಯೋಕೆ ದಾರಿ ಸಿಕ್ಕಿತು. ಪಕ್ಕದ ಊರಿನ ಶಾಲೆ, ದೂರದ ಅತ್ತೆ–ಚಿಕ್ಕಪ್ಪನ ಮನೆ, ಚರ್ಚುಗಳು ತೆರೆದ ತಾತ್ಕಾಲಿಕ ಶಾಲೆ. ಫೌಬಸ್ ಬೆಂಬಲಿಗರೇ ಟಿ. ಜೆ. ರೇನಿ ಹೈಸ್ಕೂಲ್ ಅಂತ ಖಾಸಗಿ ಶಾಲೆ ಶುರು ಮಾಡಿದರು. ಶುಲ್ಕ ಇಲ್ಲ, ಬಿಳಿಯರಿಗೆ ಮಾತ್ರ. ಕಪ್ಪು ಮಕ್ಕಳಿಗೆ ಅಂಥ ಒಂದು ಶಾಲೆಯೂ ಹುಟ್ಟಲಿಲ್ಲ. ಅವರಲ್ಲಿ ಸುಮಾರು ಅರ್ಧದಷ್ಟು ಮಂದಿ ಆ ವರ್ಷ ಎಲ್ಲೂ ಓದಲಿಲ್ಲ. ಕೆಲವರು ಕೂಲಿ–ಚಾಕರಿಗೆ ಹೋದರು, ಕೆಲವರು ಸೈನ್ಯಕ್ಕೆ, ಕೆಲವು ಹುಡುಗಿಯರು ಮದುವೆಗೆ. ಒಂಬತ್ತು ಮಕ್ಕಳಲ್ಲೂ ಗ್ಲೋರಿಯಾ ರೇ, ಟೆರೆನ್ಸ್ ರಾಬರ್ಟ್ಸ್, ಮೆಲ್ಬಾ ಪಟ್ಟಿಲೊ ಊರು ಬಿಟ್ಟರು. ಕಾರ್ಲೋಟಾ ವಾಲ್ಸ್, ಜೆಫರ್ಸನ್ ಥಾಮಸ್ ಅಂಥವರು ಅಂಚೆ ಮೂಲಕ ಪಾಠ ತರಿಸಿಕೊಂಡು ಕಾದರು.

ಊರಿನ ದೊಡ್ಡ ಮನುಷ್ಯರು ಏನ್ ಮಾಡ್ತಿದ್ದರು? ಬ್ಯಾಂಕಿನವರು, ವಕೀಲರು, ವರ್ತಕರ ಸಂಘದವರು? ಬಾಯಿ ಮುಚ್ಚಿಕೊಂಡಿದ್ದರು. ಮೊದಲು ಬಾಯಿ ಬಿಟ್ಟವರು ಹೆಂಗಸರು. ಬೀಗ ಬಿದ್ದ ಮರುದಿನವೇ, ಸೆಪ್ಟೆಂಬರ್ 16ರಂದು, 75 ವರ್ಷದ ಅಡಾಲ್ಫೀನ್ ಫ್ಲೆಚರ್ ಟೆರ್ರಿ ತಮ್ಮ ಹಳೇ ಬಂಗಲೆಯಲ್ಲಿ 58 ಮಹಿಳೆಯರನ್ನು ಸೇರಿಸಿದರು. ಈ ಅಜ್ಜಿಯ ತಂದೆ ಗುಲಾಮಗಿರಿ ಉಳಿಸೋಕೆ ಹೋರಾಡಿದ ದಕ್ಷಿಣದ ಸೇನೆಯಲ್ಲಿದ್ದವರು, ಗಂಡ ಮಾಜಿ ಸಂಸದ. ಗಂಡಸರು ಮುಂದೆ ಬರೋದಿಲ್ಲ, ನಾವೇ ಮಾಡಬೇಕು ಅನ್ನೋದು ಅವರ ನೇರ ಲೆಕ್ಕ. ಶಾಲೆ ತೆರೆಸುವ ಮಹಿಳೆಯರ ತುರ್ತು ಸಮಿತಿ ಹುಟ್ಟಿದ್ದು ಹೀಗೆ. ವಿವಿಯನ್ ಬ್ರೂವರ್ ಅದರ ಮುಖ್ಯಸ್ಥೆ. ಸದಸ್ಯರ ಪಟ್ಟಿಯನ್ನು ಯಾರಿಗೂ ತೋರಿಸಲಿಲ್ಲ. ಹೆಸರು ಹೊರಬಿದ್ದರೆ ಗಂಡನ ಕೆಲಸ, ಅಂಗಡಿಯ ವ್ಯಾಪಾರ ಎರಡೂ ಹೋಗುತ್ತಿತ್ತು.

ಆದರೆ ಈ ಸಮಿತಿಯನ್ನು ಸುಮ್ಮನೆ ಹೊಗಳಿ ಬಿಡೋಕೆ ನಾನು ತಯಾರಿಲ್ಲ. ಕಪ್ಪು ಮಹಿಳೆಯರನ್ನು ಅವರು ಸದಸ್ಯರನ್ನಾಗಿ ಮಾಡಿಕೊಳ್ಳಲಿಲ್ಲ. ಮಾಡಿಕೊಂಡರೆ ಊರಿನ ಬಿಳಿಯರು ನಮ್ಮ ಮಾತು ಕೇಳಲ್ಲ ಅನ್ನೋ ಲೆಕ್ಕಾಚಾರ. ಅವರ ಘೋಷಣೆ ಸಮಾನತೆ ಅಂತ ಇರಲಿಲ್ಲ, 'ಶಾಲೆ ತೆಗೆಯಿರಿ' ಅಂತ ಇತ್ತು. ಸಮಾನತೆಯ ಹೆಸರು ಹೇಳಿ ಬೆಲೆ ತೆತ್ತವರು ಬೇರೆಯವರು. ಒಂಬತ್ತು ಮಕ್ಕಳಿಗೆ ಬೆನ್ನೆಲುಬಾಗಿದ್ದ ಡೇಸಿ ಬೇಟ್ಸ್ ಮತ್ತು ಗಂಡ ಎಲ್. ಸಿ. ಬೇಟ್ಸ್ ನಡೆಸುತ್ತಿದ್ದ 'ಅರ್ಕನ್ಸಾ ಸ್ಟೇಟ್ ಪ್ರೆಸ್' ಪತ್ರಿಕೆ ಜಾಹೀರಾತು ಇಲ್ಲದೆ 1959ರಲ್ಲಿ ನಿಂತೇ ಹೋಯ್ತು.

ನವೆಂಬರ್‌ನಲ್ಲಿ ಸೌಮ್ಯವಾದಿ ಸಂಸದ ಬ್ರೂಕ್ಸ್ ಹೇಸ್ ಸೋತರು. ಗೆದ್ದದ್ದು ಚುನಾವಣೆಗೆ ಸುಮಾರು ಒಂದು ವಾರ ಇದ್ದಾಗ ಕಣಕ್ಕಿಳಿದ, ಮತಪತ್ರದಲ್ಲಿ ಹೆಸರೂ ಇಲ್ಲದ ಡೇಲ್ ಆಲ್ಫರ್ಡ್. ಮತದಾರರೇ ಹೆಸರು ಬರೆದು ಹಾಕಿದರು. ಶಾಲಾ ಮಂಡಳಿಯ ಆರರಲ್ಲಿ ಐವರು ರಾಜೀನಾಮೆ ಕೊಟ್ಟರು. ಡಿಸೆಂಬರ್‌ನಲ್ಲಿ ಬಂದ ಹೊಸ ಮಂಡಳಿ ಮೂರು–ಮೂರು ಅಂತ ಸರಿಯಾಗಿ ಎರಡು ಹೋಳು.

ಆಮೇಲೆ ಬಂತು 1959ರ ಮೇ 5. ಸಭೆಯಲ್ಲಿ ಜಗಳ ಆಗಿ ಸೌಮ್ಯವಾದಿ ಮೂವರು ಎದ್ದು ಹೋದರು. ಉಳಿದ ಮೂವರು ಕೂತು 44 ಜನ ಶಿಕ್ಷಕರು, ಸಿಬ್ಬಂದಿಯನ್ನು ಒಂದೇ ಏಟಿಗೆ ಕೆಲಸದಿಂದ ತೆಗೆದರು. ಸೆಂಟ್ರಲ್ ಹೈಸ್ಕೂಲಿನ ಪ್ರಾಂಶುಪಾಲ ಜೆಸ್ ಮ್ಯಾಥ್ಯೂಸ್, ಹುಡುಗಿಯರ ಉಸ್ತುವಾರಿ ನೋಡುತ್ತಿದ್ದ ಎಲಿಜಬೆತ್ ಹಕಬಿ ಎಲ್ಲ ಆ ಪಟ್ಟಿಯಲ್ಲಿದ್ದರು. ಒಂಬತ್ತು ಕಪ್ಪು ಮಕ್ಕಳಿಗಾಗಿ ಮಿಡಿಯದ ಊರು ಈಗ ಎದ್ದಿತು! ಯಾಕಂದ್ರೆ ಇವರು ತಮ್ಮನ್ನೂ ತಮ್ಮ ಮಕ್ಕಳನ್ನೂ ಓದಿಸಿದ ಮೇಷ್ಟ್ರುಗಳು. ಪೋಷಕರ ಸಂಘಗಳು ಸಿಡಿದವು. ಮೂರೇ ದಿನದಲ್ಲಿ 'ಸ್ಟಾಪ್' ಅನ್ನೋ ಸಂಘಟನೆ ಹುಟ್ಟಿತು, ಅರ್ಥ 'ಈ ಅತಿರೇಕದ ಉಚ್ಚಾಟನೆ ನಿಲ್ಲಿಸಿ'. ಎದುರು ಬಣದವರದು 'ಕ್ರಾಸ್'. ಮುಂದೆ ನಿಂತು ಭಾಷಣ ಮಾಡಿದವರು ಗಂಡಸರು. ಫೋನು ಮಾಡಿ, ಮತದಾರರ ಪಟ್ಟಿ ಹಿಡಿದು ಓಟು ಎಣಿಸಿದವರು ಟೆರ್ರಿ ಅಜ್ಜಿಯ ಸಮಿತಿಯ ಹೆಂಗಸರು.

ಉದ್ಯಮಿಗಳ ನಾಲಿಗೆಯೂ ಅಷ್ಟರಲ್ಲಿ ಸಡಿಲ ಆಗಿತ್ತು. ನ್ಯಾಯಕ್ಕಾಗಿ ಅಂತ ಹೇಳೋದು ಕಷ್ಟ. 1957ರ ಗಲಾಟೆಯ ನಂತರ ಲಿಟಲ್ ರಾಕ್‌ಗೆ ಒಂದು ಹೊಸ ದೊಡ್ಡ ಕಾರ್ಖಾನೆಯೂ ಬಂದಿರಲಿಲ್ಲ. ಹೈಸ್ಕೂಲೇ ಇಲ್ಲದ ಊರಿಗೆ ಯಾವ ಮ್ಯಾನೇಜರ್ ಹೆಂಡತಿ ಮಕ್ಕಳನ್ನು ಕರಕೊಂಡು ಬರ್ತಾನೆ ಹೇಳಿ?

ಮೇ 25ರಂದು ಮರುಮತದಾನ. ಪ್ರತ್ಯೇಕತಾವಾದಿ ಮೂವರನ್ನೂ ಜನ ಮನೆಗೆ ಕಳಿಸಿದರು. ಅಂತರ ಬಹಳ ಕಡಿಮೆ. ದಡ ಮುಟ್ಟಿಸಿದ್ದು ಶ್ರೀಮಂತ ಬಿಳಿಯರ ಬಡಾವಣೆಗಳ ಓಟು ಮತ್ತು ಕಪ್ಪು ಜನರ ಓಟು. ಸಮಿತಿಯ ಬಾಗಿಲು ಯಾರಿಗೆ ತೆರೆದಿರಲಿಲ್ಲವೋ ಅವರೇ ಬಂದು ಓಟು ಹಾಕಿ ಬಿಳಿ ಮೇಷ್ಟ್ರುಗಳ ಕೆಲಸ ಉಳಿಸಿದರು. ಜೂನ್ 18ಕ್ಕೆ ಫೆಡರಲ್ ಕೋರ್ಟು ಶಾಲೆ ಮುಚ್ಚುವ ಕಾನೂನು ಅಸಾಂವಿಧಾನಿಕ ಅಂದಿತು. ರೇನಿ ಹೈಸ್ಕೂಲು ದುಡ್ಡಿಲ್ಲದೆ ಬಾಗಿಲು ಹಾಕಿತು.

ಹೊಸ ಮಂಡಳಿ ಫೌಬಸ್‌ಗೆ ಸಮಯವೇ ಕೊಡಲಿಲ್ಲ. ಸೆಪ್ಟೆಂಬರ್‌ವರೆಗೆ ಕಾಯದೆ ಆಗಸ್ಟ್ 12ಕ್ಕೇ ಶಾಲೆ ತೆಗೆದರು. ಸೆಂಟ್ರಲ್ ಕಡೆ ಮೆರವಣಿಗೆ ಹೊರಟ ಗುಂಪಿನ ಮೇಲೆ ಪೊಲೀಸ್ ಮುಖ್ಯಸ್ಥ ಜೀನ್ ಸ್ಮಿತ್ ಅಗ್ನಿಶಾಮಕದ ನೀರು ಬಿಡಿಸಿದ. ಎರಡು ವರ್ಷದ ಹಿಂದೆ ಅಧ್ಯಕ್ಷರು ಸೇನೆ ಕಳಿಸಬೇಕಾಗಿ ಬಂದ ಜಾಗದಲ್ಲಿ ಈಗ ಊರಿನ ಪೊಲೀಸರೇ ಸಾಕಾದರು. ಸೆಪ್ಟೆಂಬರ್ 7ರ ರಾತ್ರಿ ಶಾಲಾ ಮಂಡಳಿ ಕಚೇರಿಯೂ ಸೇರಿ ಮೂರು ಕಡೆ ಡೈನಮೈಟ್ ಸಿಡಿಯಿತು.

ಇಷ್ಟೆಲ್ಲ ಆಗಿ ಒಳಗೆ ಹೋದ ಕಪ್ಪು ಮಕ್ಕಳೆಷ್ಟು? ಬೆರಳಲ್ಲಿ ಎಣಿಸುವಷ್ಟು. ಅಲ್ಲಿನ ಶಾಲೆಗಳು ನಿಜವಾಗಿ ಬೆರೆತದ್ದು 1970ರ ದಶಕದಲ್ಲಿ, ಕೋರ್ಟು ಬಸ್ಸು ಹತ್ತಿಸಿದ ಮೇಲೆ. ಫೌಬಸ್‌ಗೆ ಮಾತ್ರ ಏನೂ ಆಗಲಿಲ್ಲ. ಆರು ಅವಧಿ ಪೂರೈಸಿ 1967ರ ಜನವರಿಯಲ್ಲಿ ಇಳಿದ. ಮಹಿಳಾ ಸಮಿತಿಯ ಗುಟ್ಟಿನ ಪಟ್ಟಿ ಹೊರಬಂದದ್ದು 1998ರಲ್ಲಿ. ಆ ಹೆಸರುಗಳನ್ನೆಲ್ಲ ಟೆರ್ರಿ ಬಂಗಲೆಯ ಕಿಟಕಿ ಗಾಜುಗಳ ಮೇಲೆ ಕೆತ್ತಿದ್ದಾರೆ.

ಅಂಚೆ ಪಾಠ ಓದಿಕೊಂಡು ಕಾದಿದ್ದ ಕಾರ್ಲೋಟಾ ವಾಲ್ಸ್ ಸೆಂಟ್ರಲ್‌ಗೆ ವಾಪಸ್ ಹೋದಳು. 1960ರ ಫೆಬ್ರುವರಿ 9ರ ರಾತ್ರಿ ಅವಳ ಮನೆಗೆ ಬಾಂಬ್ ಹಾಕಿದರು. ಯಾರೂ ಸಾಯಲಿಲ್ಲ. ಮರುದಿನ ಅವಳು ಶಾಲೆಗೆ ಹೋದಳು. ಮೇ ತಿಂಗಳಲ್ಲಿ ಪಾಸಾದಳು. ಸೆಂಟ್ರಲ್ ಹೈಸ್ಕೂಲಿನಿಂದ ಪಾಸಾದವರ ಸಾಲಿನಲ್ಲಿ 1958ರ ತಂಡ ಇದೆ, ಅವಳ 1960ರ ತಂಡ ಇದೆ. 1959ರದ್ದು ಇಲ್ಲ.